ನದಿ ದಂಡೆಯ ಫೋಟೋ

ಎರಡನೇ ಮಹಾಯುದ್ಧದಲ್ಲಿ ಬರ್ಲಿನ್ ಬೀಳುವ ವಾರ ನದಿ ದಂಡೆಯಲ್ಲಿ ಅಮೆರಿಕದ ಸಿಪಾಯಿಯೊಬ್ಬನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡಿದ್ದ ರಷ್ಯದ ಸಿಪಾಯಿ ಮತ್ವೇಯನನ್ನು, ವರ್ಷ ಕಳೆಯುವುದರೊಳಗೆ ಅವನ ಸರ್ಕಾರವೇ ಹಿಡಿದು ತಂದಿತ್ತು. ಬಿಟ್ಟರೆ ಸಾಕು, ಊರು ಸೇರಿಕೊಳ್ಳುತ್ತೇನೆ ಎಂದು ಅವನು ಕಾದಿದ್ದ.

ಅಧಿಕಾರಿ ಫೋಟೋ ಮುಂದೆ ತಳ್ಳಿದ. “ಶತ್ರುವನ್ನು ಯಾಕೆ ತಬ್ಬಿಕೊಂಡೆ?”

“ಆಗ ಅವರು ನಮ್ಮ ಕಡೆಯವರು, ಕಾಮ್ರೇಡ್.”

“ನನ್ನನ್ನು ಕಾಮ್ರೇಡ್ ಅನ್ನಬೇಡ. ತಬ್ಬಿಕೋ ಅಂತ ಯಾರು ಹೇಳಿದ್ದು?”

ಮತ್ವೇಯನಿಗೆ ಹೋದ ಜೀವ ಬಂದಂತಾಯಿತು. “ನೀವೇ. ಅಂದು ದಂಡೆಯಲ್ಲಿ ನಿಂತು, ಇನ್ನೂ ಬಿಗಿಯಾಗಿ ತಬ್ಬಿಕೋ, ಫೋಟೋ ಚೆನ್ನಾಗಿ ಬರಲಿ ಅಂದಿರಿ. ನೆನಪಿಲ್ಲವೇ?”

“ನೆನಪಿದೆ. ಬೇರೆ ಯಾರಿಗಾದರೂ ನೆನಪಿದೆಯೇ?”

“ಅಂದು ಅಲ್ಲಿದ್ದ ನಮ್ಮವರೆಲ್ಲ ಆಮೇಲೆ ಬರ್ಲಿನ್ನಿನಲ್ಲೇ ಸತ್ತರು. ಇನ್ನು ನಾನೊಬ್ಬನೇ.”

ಅಧಿಕಾರಿ ಹಾಳೆಯಲ್ಲಿದ್ದ ‘ಹತ್ತು ವರ್ಷ ಸೆರೆ’ ಎಂಬುದನ್ನು ಹೊಡೆದುಹಾಕಿ ‘ಮರಣದಂಡನೆ’ ಎಂದು ಬರೆದ.