ಹತ್ತು ಎಣಿಸುವ ತನಕ

"ಉಸ್ರು ಪೂರ್ತಿ ಬಿಡು. ಇನ್ನೂ ಬಿಡು. ಹ್ಞಾಂ, ಈಗ ತುಟಿ ಬಿಗಿ ಹಿಡಿ. ಒತ್ತು! ಒತ್ಕಂತನೇ ಎಳ್ಕಾ!"

ಕಾಂಪೌಂಡರ್ ಮುರುಗಪ್ಪನ ದನಿ ಹಿರಿಯೂರಿನ ಆ ಸಣ್ಣ ದವಾಖಾನೆ ದಾಟಿ ಬೀದಿಗೂ ಕೇಳುತ್ತಿತ್ತು. ಎಪ್ಪತ್ತೊಂಬತ್ತರ ಮುಂಗಾರು. ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಆ ದವಾಖಾನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಡಾಕ್ಟರು ಚೀಟಿ ಬರೆದು ಕೈತೊಳೆದುಕೊಂಡರೆ, ಅದನ್ನು ಬಳಸುವ ಕ್ರಮ ಕಲಿಸುವ ಕೆಲಸವನ್ನು ಮುರುಗಪ್ಪ ತಾನೇ ಮೈಮೇಲೆ ಹಾಕಿಕೊಂಡಿದ್ದ. ಇವತ್ತು ಡಾಕ್ಟರು ಚಿತ್ರದುರ್ಗಕ್ಕೆ ಹೋಗಿದ್ದರು, ದವಾಖಾನೆಯೆಲ್ಲ ಅವನದೇ.

ಎದುರಿಗೆ ನಿಂತವಳು ಆದಿವಾಲದ ಪಾಲಮ್ಮ. ಬಿತ್ತನೆಗೆಂದು ಮೂರು ದಿನದಿಂದ ಶೇಂಗಾ ಸುಲಿದು, ಆ ದೂಳಿಗೆ ಎದೆ ಕಟ್ಟಿ, ಕೂತಲ್ಲಿಂದಲೇ ಎದ್ದು ಗಂಡ ಜುಂಜಯ್ಯನ ಜತೆ ಬಸ್ಸು ಹತ್ತಿದ್ದಳು. ಪಂಪು ಮಡಿಲಲ್ಲೇ ಇತ್ತು. ಹಿಂದೆ ಬಂದಾಗಲೆಲ್ಲ ಅವಳು ಮದ್ದನ್ನು ಬೀಡಿಯ ಹೊಗೆಯಂತೆ ಬಾಯಿಂದಲೇ ಆಚೆ ಬಿಟ್ಟು ಬೈಸಿಕೊಂಡಿದ್ದಳು. ಇವತ್ತು ಮಾತ್ರ ಒಂದೂ ತಪ್ಪಿಲ್ಲ. ಅಲ್ಲಾಡಿಸಿದಳು, ಉಸಿರು ಖಾಲಿ ಮಾಡಿದಳು, ಒತ್ತಿದ ಕ್ಷಣಕ್ಕೇ ಬಾವಿಯಿಂದ ನೀರು ಸೇದುವವಳಂತೆ ಆಳವಾಗಿ ಎಳೆದುಕೊಂಡಳು.

"ಶಭಾಷ್! ಈಗ ತಡ್ಕಾ. ನಾನು ಹತ್ತು ಎಣಿಸಾತನಕ ಉಸ್ರು ಬಿಡಂಗಿಲ್ಲ." ಮುರುಗಪ್ಪ ಬೆರಳೆತ್ತಿದ. "ಒಂದು... ಎರಡು..."

ಬೆಂಚಿನ ಮೇಲೆ ಕೂತಿದ್ದ ರೋಗಿಗಳಿಗೂ ಉಮೇದು ಬಂತು. ಮೂರು, ನಾಕು ಎಂದು ಅವರೂ ದನಿಗೂಡಿಸಿದರು. ಪಾಲಮ್ಮನ ಕಣ್ಣು ಅಗಲವಾದವು. ಅವಳು ಕೈ ಎತ್ತಿ ಗಂಟಲ ಹತ್ತಿರ ಏನನ್ನೋ ತೋರಿಸಲು ಹೋದಳು.

"ಕೈ ಇಳಿಸು. ಅಲ್ಲಾಡಬ್ಯಾಡ. ಐದು..."

ಅವಳು ಕೈ ಇಳಿಸಿದಳು.

"ಆರು... ನೋಡ್ರಪ್ಪ, ಹಿಂಗೆ ಹಿಡಿದಿಟ್ಕಂಡ್ರೆ ಮದ್ದು ತಳ ಮುಟ್ಟತೈತೆ. ಏಳು..."

ಅಷ್ಟರಲ್ಲಿ ಬಾಗಿಲಿಗೊರಗಿ ನಿಂತಿದ್ದ ಜುಂಜಯ್ಯ ಹೆಗಲ ಕಂಬಳಿ ಎಸೆದು ಒಳಗೆ ನುಗ್ಗಿದ. "ಲೇ! ಹಿಡಿದಿಟ್ಕಂಡಿಲ್ಲ ಅದು! ಸಿಕ್ಕಂಡೈತೆ!"

ಮುರುಗಪ್ಪ ಆಗ ನೋಡಿದ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಎಂಟು ಎಂಬ ಮಾತು ಅವನ ನಾಲಗೆಯ ಮೇಲೇ ಕೂತುಬಿಟ್ಟಿತು. ಕೈ ಮುಂದಕ್ಕೆ ಹೋಗಲಿಲ್ಲ, ಕಾಲು ಏಳಲಿಲ್ಲ. ಇಪ್ಪತ್ತು ವರ್ಷದ ಕಾಂಪೌಂಡರಿಕೆಯಲ್ಲಿ ಕಲಿತದ್ದೊಂದೂ ನೆನಪಿಗೆ ಬರಲಿಲ್ಲ. ಜುಂಜಯ್ಯ ಹೆಂಡತಿಯನ್ನು ತನ್ನ ಎಡತೋಳಿನ ಮೇಲೆ ಬಗ್ಗಿಸಿಕೊಂಡು, ದಂಟು ಗಂಟಲಿಗೆ ಸಿಕ್ಕಿದ ಕುರಿಗೆ ಹೊಡೆಯುವಂತೆ, ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದ. ಒಂದು ಸಲ, ಎರಡು ಸಲ. ಅವಳ ಮೊಣಕಾಲು ಕುಸಿದವು. ಬಿಡದೆ ಮತ್ತೆ ಗುದ್ದಿದ. ನಾಲ್ಕನೆಯದಕ್ಕೋ ಐದನೆಯದಕ್ಕೋ ಪಾಲಮ್ಮನ ಬಾಯಿಂದ ಏನೋ ಚಿಮ್ಮಿ ಮೇಜಿನ ಕಾಲಿಗೆ ಬಡಿದು ಉರುಳಿತು.

ಕೆಂಪನೆಯ ಒಂದು ಶೇಂಗಾ ಬೀಜ.

ಬಾಗಿಲು ಕಿರುಗುಟ್ಟಿದಂಥ ಸದ್ದಿನಲ್ಲಿ ಅವಳಿಗೆ ಉಸಿರು ಮರಳಿತು. ಬೆಂಚಿನ ಮೇಲಿದ್ದ ಒಬ್ಬ ಮುದುಕಿ ಅಳಲು ಶುರುಮಾಡಿದಳು. ಪಾಲಮ್ಮ ನೆಲದ ಮೇಲೆ ಕೂತು ಕೆಮ್ಮಿದಳು, ಕಣ್ಣು ಒರೆಸಿಕೊಂಡಳು, ಆಮೇಲೆ ಮುರುಗಪ್ಪನ ಕಡೆ ಅಂಜುತ್ತ ನೋಡಿ, "ಹತ್ತರ ತಂಕ ಆಗ್ಲಿಲ್ಲ ಸ್ವಾಮಿ. ತಪ್ಪಾತು," ಎಂದಳು.

ಮುರುಗಪ್ಪ ಬಗ್ಗಿದ. ಕೆಳಗೆ ಬಿದ್ದಿದ್ದ ಪಂಪನ್ನು ಎತ್ತಿಕೊಂಡು ಅದರ ಬಾಯಿಯನ್ನು ಬೆಳಕಿಗೆ ಹಿಡಿದ. ಇಷ್ಟು ತಿಂಗಳಲ್ಲಿ ಅವನು ಅದರೊಳಗೆ ಇಣುಕಿದ್ದು ಅದೇ ಮೊದಲು. ಒಳಗೆ ಶೇಂಗಾದ ಸಿಪ್ಪೆಪುಡಿ ಮೆತ್ತಿಕೊಂಡಿತ್ತು. ಅಂಗೈಗೆ ಕೊಡವಿದರೆ ಇನ್ನೊಂದು ಒಡಕು ಬೀಜ ಬಿತ್ತು.

"ಇದರ ಮುಚ್ಚಳ ಎಲ್ಲಮ್ಮಾ?" ದನಿ ಬೀದಿಗಿರಲಿ, ಬೆಂಚಿಗೂ ಕೇಳುವಂತಿರಲಿಲ್ಲ.

ಪಾಲಮ್ಮ ತಲೆ ತಗ್ಗಿಸಿದಳು. ಜುಂಜಯ್ಯ ಕಂಬಳಿ ಎತ್ತಿಕೊಂಡು ಕೊಡವುತ್ತ ಹೇಳಿದ: "ಮೊದಲ್ನೇ ಸಲ ಬಂದಾಗ ಮುಚ್ಚಳ ತಗೀದೇ ಒತ್ತಿದ್ಲು ಅಂತ ಇಷ್ಟೂ ಜನದ ಮುಂದೆ ಬೈದ್ರಲ್ಲ ಸ್ವಾಮಿ, ತಲೇಲಿ ಏನೈತೆ ಅಂತ. ಮನಿಗೆ ಬಂದಾಕೆ ನೀರು ಸೈತ ಕುಡೀಲಿಲ್ಲ. ಮುಚ್ಚಳ ತಗಂಡು ಒಲೆಗೆ ಹಾಕಿದ್ಲು. ಇನ್ನು ಮರ್ಯಾಕೆ ಆಗಾದೇ ಇಲ್ಲ ನೋಡು, ಅಂದ್ಲು."