ಪುಟ್ಟಿಗೆ ಉಣಿಸಿದ್ದು

ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತ ಪುಟ್ಟಿಯ ತಾಯಿಯನ್ನು ಕಂಡು ಲ್ಯಾಬಿನವಳು ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಪುಟ್ಟಿ ಕ್ಯಾನ್ಸರ್ ಗಡ್ಡೆಯಿಂದ ತೀರಿಕೊಳ್ಳುವ ಮೊದಲು ಆಸ್ಪತ್ರೆಯವರು ಅವಳ ಮೈಯಿಂದ ಎರಡು ಚೂರು ತೆಗೆದು ಇಲ್ಲಿಗೆ ಕಳಿಸಿದ್ದರು, ತೋಳಿನ ಚರ್ಮದ್ದೊಂದು, ಗಡ್ಡೆಯದ್ದೊಂದು. ಎರಡರ ಜೀವಕೋಶಗಳನ್ನೂ ಬಾಟಲಿಗಳಲ್ಲಿ ಬೆಳೆಸಿ ಹೋಲಿಸಿ ನೋಡುವುದು ಲ್ಯಾಬಿನವಳ ಕೆಲಸ. ಮಗು ಹೋದ ದಿನ ತಾಯಿಯ ಕೈ ಹಿಡಿದು, ಅವಳ ಚರ್ಮ ನಮ್ಮಲ್ಲಿ ಇನ್ನೂ ಜೀವಂತವಾಗಿದೆ, ಬಂದು ನೋಡಿ ಎಂದು ಬಾಯಿಬಿಟ್ಟವಳೂ ಅವಳೇ.

ಆ ಚರ್ಮ ಈಗಿರಲಿಲ್ಲ. ಚರ್ಮದ ಕೋಶಗಳು ಮರ್ಯಾದಸ್ಥರ ಮನೆಯ ಮಕ್ಕಳಂತೆ. ಪಕ್ಕದವರಿಗೆ ಮೈ ತಗುಲಿತೆಂದರೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಬೇರೆ ಬಾಟಲಿಗೆ ಬಿಡಿಸಿ ಹಾಕಿದರೂ ಒಂದಿಷ್ಟು ಸಲ ಒಡೆದು ಎರಡಾಗಿ, ಆಮೇಲೆ ಸುಮ್ಮನಾಗುತ್ತವೆ. ಸಾಕು ಎನ್ನುವುದನ್ನು ಎಲ್ಲವೂ ಕಲಿತಿರುವುದರಿಂದಲೇ ಒಂದು ಮೈ ನಡೆಯುತ್ತದೆ. ಗಡ್ಡೆಯವಕ್ಕೆ ಮಾತ್ರ ಹೇಳುವವರಿಲ್ಲ, ಕೇಳುವವರಿಲ್ಲ. ಒಂದರ ಮೇಲೊಂದು ಹತ್ತಿಕೊಂಡು ಬೆಳೆಯುತ್ತಲೇ ಇದ್ದವು. ಚರ್ಮದ ಬಾಟಲಿಯನ್ನು ಅವಳು ಹೋದ ವಾರ ಎಸೆದಿದ್ದಳು.

"ನೋಡಬಹುದೇನಮ್ಮ?" ಎಂದಳು ತಾಯಿ.

ಲ್ಯಾಬಿನವಳಿಗೆ ನಿಜ ಹೇಳಲಾಗಲಿಲ್ಲ. ಬೆಚ್ಚನೆಯ ಪೆಟ್ಟಿಗೆಯಿಂದ ಗಡ್ಡೆಯ ಬಾಟಲಿಯನ್ನೇ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಳು.

ತಾಯಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಎಷ್ಟು ಚೆನ್ನಾಗಿ ಬೆಳೀತಿದಾಳೆ," ಎಂದಳು. "ಮನೇಲೂ ಹಿಂಗೇ. ಒಂದು ಕಡೆ ಕೂತವಳಲ್ಲ." ಆಸ್ಪತ್ರೆಯಲ್ಲಿ ಒಮ್ಮೆಯೂ ಕಾಣದಿದ್ದ ನಗು ಆ ಮುಖದ ಮೇಲೆ ಮೂಡಿತ್ತು. ಇವಳಿಗೆ ತಿನ್ನಲು ಏನು ಕೊಡುತ್ತೀರಿ ಎಂದು ಕೇಳಿದಳು. ಲ್ಯಾಬಿನವಳು ನಸುಗೆಂಪು ದ್ರವವನ್ನು ತೋರಿಸಿ, ಇವತ್ತು ಹೊಸದು ಹಾಕಬೇಕು ಎಂದಳು.

"ನಾನು ಹಾಕ್ಲಾ?" ತಾಯಿಯ ದನಿ ಕುಗ್ಗಿತು. "ಕೊನೆಕೊನೆಗೆ ನನ್ನ ಕೈಯಿಂದ ಒಂದು ತುತ್ತೂ ಇಳೀಲಿಲ್ಲ ಅವಳಿಗೆ."

ಹೊರಗಿನವರು ಮುಟ್ಟುವಂತಿರಲಿಲ್ಲ. ಆದರೂ ಬೇಡವೆನ್ನಲು ಮನಸ್ಸು ಬರಲಿಲ್ಲ. ಕೈಗವಸು ತೊಡಿಸಿ, ಬಾಟಲಿಯ ಮುಚ್ಚಳ ಬಿಚ್ಚಿ, ತಾಯಿಯ ಕೈಗೆ ತನ್ನ ಕೈ ಆಸರೆ ಕೊಟ್ಟಳು. ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ತನ್ನ ಕನಿಕರದ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ದ್ರವ ಹನಿಹನಿಯಾಗಿ ಇಳಿಯತೊಡಗಿತ್ತು.

"ತಿನ್ನು ಪುಟ್ಟೀ," ತಾಯಿ ಬಾಟಲಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು. "ಹೊಟ್ಟೆ ತುಂಬ ತಿಂದು ದೊಡ್ಡವಳಾಗು."