ಮೇಷ್ಟ್ರ ಹೆಬ್ಬೆರಳು

ಮೇಷ್ಟ್ರು ಮತ್ತೆ ಹೆಬ್ಬೆರಳು ನೆಕ್ಕಿದರು. ಸನ್ನೆ ಭಾಷೆಯ ಚಿತ್ರದ ಪುಸ್ತಕದ ಹಾಳೆ ತಿರುಗಿಸಿದರು. ಅದೇ ಹೆಬ್ಬೆರಳಿನಿಂದ ಹುಡುಗಿಯ ಕಿರುಬೆರಳನ್ನು ಒತ್ತಿ ಹಿಡಿದು, "ಹೀಗಲ್ಲ, ಹೀಗೆ" ಎಂದು ಬಗ್ಗಿಸಿದರು. ಹುಡುಗಿಯ ಬೆಳಗಿನ ತಿಂಡಿ ಗಂಟಲವರೆಗೆ ಬಂದು, ಇಣುಕಿ ನೋಡಿ, ವಾಪಸು ಹೋಯಿತು.

ಮೂರು ಲೋಕದಲ್ಲಿ ಅಂಥ ಒದ್ದೆ ಬೆರಳು ಇನ್ನೊಂದಿಲ್ಲ. ಬೇಕಿದ್ದರೆ ಪಂಥ ಕಟ್ಟಿ. ಪಾಠದ ನಡುವೆ ಅದು ಮೂಗಿನೊಳಗೆ ಗಣಿಗಾರಿಕೆ ನಡೆಸುತ್ತಿತ್ತು, ಕಿವಿಯಲ್ಲಿ ಬಾವಿ ತೋಡುತ್ತಿತ್ತು, ಆಮೇಲೆ ನಾಲಿಗೆಯ ಮೇಲೆ ಸ್ನಾನ ಮುಗಿಸಿ ವಿದ್ಯಾರ್ಥಿನಿಯರ ಕೈಮೇಲೆ ಸವಾರಿ ಹೊರಡುತ್ತಿತ್ತು. ಇಬ್ಬರು ಹುಡುಗಿಯರು ಅದಕ್ಕೆ ಹೇಸಿಯೇ ಕೋರ್ಸು ಬಿಟ್ಟು ಓಡಿದ್ದರು. ಇವಳು ಮಾತ್ರ ಹಲ್ಲು ಕಚ್ಚಿ ಉಳಿದಿದ್ದಳು. ಸನ್ನೆ ಭಾಷೆಯ ದುಭಾಷಿಯಾಗಬೇಕಿತ್ತು; ಸರ್ಟಿಫಿಕೇಟಿಗೆ ಸಹಿ ಹಾಕುವುದೂ ಅದೇ ಕೈ. ದೂರು ಹೇಳಲು ನೂರು ಸಲ ಬಾಯಿ ತೆರೆದಿದ್ದಳು. ಬಂದದ್ದು ಬರೀ ಗಾಳಿ.

ಬೇರೆಯವರ ಮಾತಾದರೆ ಗಂಟೆ ಹೊಡೆದಂತೆ ಹೇಳುತ್ತಿದ್ದಳು. ವಿದ್ಯಾರ್ಥಿನಿಯರ ಅಭ್ಯಾಸಕ್ಕೆಂದು ಇಪ್ಪತ್ತು ವರ್ಷದಿಂದ ತರಗತಿಗೆ ಬರುತ್ತಿದ್ದ, ಕಿವಿ ಕೇಳದ ಅಜ್ಜಿ ಮಿಂಚಿನಂತೆ ಕೈ ಆಡಿಸಿದರೂ ಅವರೊಡನೆ ಹರಟಿ ಹರಟಿ ಪಳಗಿದ ಇವಳು ಒಂದು ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. ಅಜ್ಜಿ ಮೇಷ್ಟ್ರತ್ತ ಕೈ ಆಡಿಸಿದರೆ ಅವರು "ಹೂಂ, ಹೂಂ" ಎಂದು ಗಡಿಯಾರ ನೋಡುತ್ತಿದ್ದರು. "ಏನಂತೆ ಕೇಳಮ್ಮ, ನನಗೆ ಪುರುಸೊತ್ತಿಲ್ಲ" ಎಂದು ಹುಡುಗಿಗೆ ಹೇಳಿ ಪುಸ್ತಕಕ್ಕೆ ಮರಳುತ್ತಿದ್ದರು.

"ಅನುವಾದ ಮಾಡುವಾಗ 'ನಾನು' ಅಂದ್ರೆ ನೀನಲ್ಲ," ಎಂಬುದು ಅವರ ಮೊದಲ ಪಾಠ. "ಎದುರಿಗೆ ಕೈ ಆಡಿಸೋರು. ನೀನು ಬರೀ ಗಂಟಲು. ತಿಳೀತಾ?"

ಕೊನೆಯ ಪರೀಕ್ಷೆಯ ದಿನ ಹೊರಗಿನಿಂದ ತಪಾಸಣೆಯ ಮೇಡಂ ಬಂದರು. ಸನ್ನೆ ಭಾಷೆ ಅವರಿಗೆ ಬಾರದು. ಅಜ್ಜಿಯನ್ನು ಕೂರಿಸಿ, "ಇಲ್ಲಿ ನಿಮಗೇನಾದ್ರೂ ತೊಂದರೆ ಇದ್ಯಾ ಅಜ್ಜಿ? ಧೈರ್ಯವಾಗಿ ಹೇಳಿ" ಎಂದರು. ಹುಡುಗಿ ಅದನ್ನು ಕೈಯಲ್ಲಿ ಹೇಳಿದಳು. ಅಜ್ಜಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಕೈ ಎತ್ತಿದರು.

ಹುಡುಗಿ ಆ ಕೈಗಳನ್ನೇ ನೋಡಿದಳು. ಆಮೇಲೆ ಶುರು ಮಾಡಿದಳು.

"ಈ ಮೇಷ್ಟ್ರ ಬೆರಳು ಕಂಡ್ರೆ ನನಗೆ ಹೇಸಿಗೆ. ಮೂಗಲ್ಲಿಟ್ಟಿದ್ದನ್ನ ನೆಕ್ಕಿ, ಅದರಲ್ಲೇ ನನ್ನ ಕೈ ಹಿಡೀತಾರೆ. ಬಿಡಿಸ್ಕೊಂಡ್ರೆ ಇನ್ನೂ ಬಿಗಿಯಾಗಿ ಹಿಡಿದು ನಗ್ತಾರೆ. ಎರಡು ವರ್ಷದಿಂದ ತೊಳೀತಾನೇ ಇದ್ದೀನಿ. ಸೋಪು ಸವೀತು, ಆ ವಾಸನೆ ಸವೀಲಿಲ್ಲ. ಊಟಕ್ಕೆ ಕೂತ್ರೆ ನನ್ನ ಕೈ ನನಗೇ ಬೇಡ ಅನ್ಸುತ್ತೆ."

ಅಜ್ಜಿಯ ಕೈ ನಿಂತಿತು. ಗಂಟಲೂ ನಿಂತಿತು.

ಮೇಷ್ಟ್ರು ಬೀಟ್‌ರೂಟಿನಂತೆ ಕೆಂಪಾದರು. "ಸುಳ್ಳು! ಈ ಮುದುಕಿಗೆ ಅರಳುಮರಳು!"

"ಕೋರ್ಸು ಬಿಟ್ಟ ಆ ಇಬ್ಬರೂ ನನಗೆ ಇದನ್ನೇ ಬರೆದಿದ್ರು," ಎಂದರು ಮೇಡಂ. "ಅದಿರಲಿ, ಇದು ಪರೀಕ್ಷೆ. ಅನುವಾದ ಸರಿಯಿದ್ಯಾ ಮೇಷ್ಟ್ರೇ? ಅಜ್ಜಿ ಕೈಯಲ್ಲಿ ಹೇಳಿದ್ದು ಇದೇನಾ?"

ಮೇಷ್ಟ್ರು ಅಜ್ಜಿಯನ್ನು ನೋಡಿದರು. ಹುಡುಗಿಯನ್ನು ನೋಡಿದರು. ಪುಸ್ತಕವನ್ನೂ ನೋಡಿದರು. ಇಪ್ಪತ್ತು ವರ್ಷದಲ್ಲಿ ಗಳಿಸಿದ ಹೆಸರು! ಎದೆ ಉಬ್ಬಿಸಿದರು.

"ಅಕ್ಷರಶಃ ಸರಿ. ಕಲಿಸಿದ್ದು ನಾನಲ್ವಾ? ಹುಡುಗಿದೇನೂ ತಪ್ಪಿಲ್ಲ. ಹಾಗೆ ಹೇಳಿದ್ದು ಈ ಮುದುಕಿ!"

ಮೇಡಂ ಪಾಸು ಎಂದು ಬರೆದು, ಸಹಿಯನ್ನೂ ತಾವೇ ಹಾಕಿದರು. "ನಾಳೆಯಿಂದ ನೀವು ಯಾರ ಕೈಯನ್ನೂ ಮುಟ್ಟೋ ಹಾಗಿಲ್ಲ. ಪುಸ್ತಕ ಇಲ್ಲೇ ಇಟ್ಟು ಹೊರಡಿ."

ಅಂದು ಅಜ್ಜಿಯ ಕೈಗಳು ಹೇಳಿದ್ದು ಇಷ್ಟೇ: "ನಿನ್ನದನ್ನೆಲ್ಲ ಹೇಳಿ ಮುಗಿಸು ಮಗಳೇ, ನಾನು ಸುಮ್ಮನೆ ಕೈ ಆಡಿಸ್ತಿರ್ತೀನಿ, ಈ ಮೇಷ್ಟ್ರಿಗೆ ನಮ್ಮ ಭಾಷೆ ಎಲ್ಲಿ ಬರುತ್ತೆ?"